ಷಡ್ಜಕ್ಕೆ 63 ಅಡಿ ತಂತಿ

(ಹಾಸನದಲ್ಲಿ ಸಂಗೀತಾಸಕ್ತರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

63 ಅಡಿ. ಈ ಅಳತೆಯಿಂದಲೇ ಮಾತು ಶುರು ಮಾಡುತ್ತೇನೆ. ಗಂಡಸರು ಹಾಡುವ ಶ್ರುತಿಯಲ್ಲಿ ಒಂದೇ ಒಂದು ಷಡ್ಜ, ಅಂದರೆ ಸರಿಗಮದ ‘ಸ’, ಹೊರಡಿಸಲು ಇಷ್ಟು ಉದ್ದದ ಉಕ್ಕಿನ ತಂತಿ ಬೇಕಾಗುವ ವಾದ್ಯವೊಂದಿದೆ. ನಮ್ಮ ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಪಾದದಿಂದ ನೆತ್ತಿಯವರೆಗೆ ತಂತಿ ಎಳೆದರೂ ಷಡ್ಜಕ್ಕೆ ಐದು ಅಡಿ ಕಡಿಮೆ ಬೀಳುತ್ತದೆ. ಅದಕ್ಕೂ ಕೆಳಗಿನ ಮಂದ್ರ ಷಡ್ಜ ಬೇಕು ಎಂದರೆ 126 ಅಡಿ.

ಈ ವಾದ್ಯ ಕಟ್ಟಿದವರು ಅಮೆರಿಕದ ಎಲೆನ್ ಫುಲ್ಮನ್. 1957ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿದವರು. ಕಾನ್ಸಾಸ್ ಸಿಟಿಯ ಕಲಾಶಾಲೆಯಲ್ಲಿ ಅವರು ಓದಿದ್ದು ಶಿಲ್ಪಕಲೆ, ಸಂಗೀತವಲ್ಲ. ಇದು ಮುಖ್ಯ ಎಂದು ನನಗೆ ಅನಿಸುತ್ತದೆ. ಸಂಗೀತ ಕಲಿತವರು ಮೊದಲು ಕೇಳುವುದು ಈ ವಾದ್ಯದಲ್ಲಿ ಏನು ನುಡಿಸಬಹುದು ಅಂತ. ಶಿಲ್ಪ ಕಲಿತವರು ಈ ವಸ್ತು ಎಂಥದ್ದು, ಎಷ್ಟು ಜಾಗ ಹಿಡಿಯುತ್ತದೆ, ಮುಟ್ಟಿದರೆ ಏನಾಗುತ್ತದೆ ಅಂತ ಕೇಳುತ್ತಾರೆ.

1980ರಲ್ಲಿ ಫುಲ್ಮನ್ ಲೋಹದ ತಗಡಿನಿಂದ ನೆರಿಗೆಯ ಲಂಗ ಮಾಡಿ ತೊಟ್ಟರು. ಲಂಗದ ಅಂಚಿನಿಂದ ಬೂಟಿನ ತುದಿಗೂ ಹಿಮ್ಮಡಿಗೂ ಗಿಟಾರ್ ತಂತಿ ಕಟ್ಟಿದ್ದರು. ಹೆಜ್ಜೆ ಇಟ್ಟರೆ ತಂತಿ ಬಿಗಿಯುತ್ತದೆ, ಸಡಿಲವಾಗುತ್ತದೆ, ಸ್ವರ ಮೇಲೆ ಕೆಳಗೆ ಜಾರುತ್ತದೆ. ಹೆಗಲಿಗೆ ಒಂದು ಸಣ್ಣ ಆಂಪ್ಲಿಫೈಯರ್. ಹೀಗೆ ಮಿನಿಯಾಪೊಲಿಸ್ ನಗರದ ಬೀದಿಯಲ್ಲಿ ನಡೆದರು. ನಡೆಯುವುದು ಮತ್ತು ನುಡಿಸುವುದು ಅವರಿಗೆ ಆಗಲೇ ಒಂದೇ ಕೆಲಸವಾಗಿತ್ತು.

ಮರುವರ್ಷ, ಅಂದರೆ 1981ರಲ್ಲಿ, ಪಕ್ಕದ ಸೇಂಟ್ ಪಾಲ್ ನಗರದ ತಮ್ಮ ಸ್ಟುಡಿಯೋದಲ್ಲಿ ಉದ್ದುದ್ದ ತಂತಿ ಕಟ್ಟಿ ಏನೇನೋ ಪ್ರಯೋಗ ಮಾಡುತ್ತಿದ್ದರು. ಅಕಸ್ಮಾತ್ ತಂತಿಯ ಉದ್ದಕ್ಕೆ ಕೈ ಸವರಿತು. ಮೀಟಿದಾಗ ಬಾರದ ಸ್ವರ ಬಂತು, ಜೋರಾಗಿ, ಸ್ಪಷ್ಟವಾಗಿ. ಆ ಸ್ವರದ ಬೆನ್ನು ಹತ್ತಿ ಅವರು ಇವತ್ತಿಗೆ 40 ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದಾರೆ. ವಾದ್ಯದ ಹೆಸರು ಲಾಂಗ್ ಸ್ಟ್ರಿಂಗ್ ಇನ್‌ಸ್ಟ್ರುಮೆಂಟ್. ಬೇರೆ ಅಲಂಕಾರದ ಹೆಸರು ಇಟ್ಟಿಲ್ಲ.

ವಾದ್ಯ ನೋಡಲು ಹೀಗಿರುತ್ತದೆ. ಒಂದು ದೊಡ್ಡ ಹಾಲ್. ಈ ತುದಿಯಿಂದ ಆ ತುದಿಗೆ ಸೊಂಟದ ಎತ್ತರದಲ್ಲಿ ಹತ್ತಾರು ತಂತಿಗಳು. ಎರಡು ಸಾಲು, ನಡುವೆ ಓಡಾಡಲು ದಾರಿ. ತಂತಿಗಳ ಒಂದು ತುದಿಯಲ್ಲಿ ಮರದ ಪೆಟ್ಟಿಗೆ, ನಮ್ಮ ತಂಬೂರಿಗೆ ಬುರುಡೆ ಇದೆಯಲ್ಲ, ಆ ಕೆಲಸ ಅದರದ್ದು. ಫುಲ್ಮನ್ ಬೆರಳಿಗೆ ರಾಳ ಹಚ್ಚಿಕೊಳ್ಳುತ್ತಾರೆ. ಪಿಟೀಲಿನ ಕಮಾನಿಗೆ ನಾವು ಉಜ್ಜುವ ಅದೇ ರಾಳ. ಆಮೇಲೆ ಎರಡೂ ಕಡೆಯ ತಂತಿಗಳನ್ನು ಬೆರಳಲ್ಲಿ ಮೆಲ್ಲಗೆ ಹಿಡಿದು ನಿಧಾನವಾಗಿ ನಡೆಯುತ್ತಾರೆ. ನೆಲದ ಮೇಲೆ ದೂರದ ಗುರುತುಗಳಿರುತ್ತವೆ. ಯಾವ ಗುರುತಿನಿಂದ ಯಾವ ಗುರುತಿಗೆ, ಎಷ್ಟು ಹೊತ್ತಿನಲ್ಲಿ ನಡೆಯಬೇಕು ಎನ್ನುವುದೇ ಅವರ ಸ್ವರಲಿಪಿ.

ಈಗ ಸ್ವಲ್ಪ ಭೌತಶಾಸ್ತ್ರ. ಹಗಲು ಅದನ್ನೇ ಪಾಠ ಮಾಡಿ ಸಂಜೆ ಪಿಟೀಲು ಹಿಡಿಯುವವನು ನಾನು. ಈ ವಾದ್ಯದ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದೇ ಈ ಕಾರಣಕ್ಕೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ವೀಣೆಯ ತಂತಿ ಮೀಟಿದರೆ ಅದು ಅಡ್ಡಡ್ಡ ಅಲುಗುತ್ತದೆ. ಕಣ್ಣಿಗೂ ಕಾಣುತ್ತದೆ. ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ಅದಕ್ಕೇ ಬಿರಡೆ. ಫುಲ್ಮನ್ ತಂತಿ ಅಡ್ಡಕ್ಕೆ ಅಲುಗುವುದಿಲ್ಲ. ರಾಳದ ಬೆರಳು ತಂತಿಯನ್ನು ಉದ್ದಕ್ಕೆ ಹಿಡಿದೆಳೆದು ಬಿಡುತ್ತದೆ, ಮತ್ತೆ ಹಿಡಿದೆಳೆಯುತ್ತದೆ. ಲೋಹದ ಒಳಗೇ ಒಂದು ಹಿಗ್ಗುವಿಕೆ, ಒಂದು ಕುಗ್ಗುವಿಕೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಉಕ್ಕಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸುಮಾರು 340 ಮೀಟರ್ ಅಷ್ಟೇ.

ಇಷ್ಟು ವೇಗದ ಅಲೆ ಮೂರಡಿ ತಂತಿಯಲ್ಲಿ ಓಡಿದರೆ ಏನಾಗುತ್ತದೆ? ಸೆಕೆಂಡಿಗೆ ಸಾವಿರಾರು ಸಲ ಹೋಗಿ ಬರುತ್ತದೆ. ಕೀರಲು ಸ್ವರ, ಕಿವಿ ಮುಚ್ಚಿಕೊಳ್ಳಬೇಕು. ಮನುಷ್ಯ ಹಾಡುವ ಎತ್ತರಕ್ಕೆ ಅದನ್ನು ಇಳಿಸಬೇಕಾದರೆ ದಾರಿ ಉದ್ದ ಮಾಡಬೇಕು. ಲೆಕ್ಕ ಸುಲಭ. ವೇಗವನ್ನು ತಂತಿಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸ್ವರದ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವ ಲೆಕ್ಕ. ಅದರ ಅಳತೆ ಹರ್ಟ್ಸ್. 130 ಹರ್ಟ್ಸ್ ಷಡ್ಜ ಬೇಕೆಂದರೆ 19 ಮೀಟರ್ ಚಿಲ್ಲರೆ, ಅಂದರೆ 63 ಅಡಿ. ಹಿತ್ತಾಳೆಯಲ್ಲಿ ಅಲೆ ನಿಧಾನ, ಸೆಕೆಂಡಿಗೆ ಸುಮಾರು 3,500 ಮೀಟರ್. ಹಾಗಾಗಿ ಅದೇ ಷಡ್ಜಕ್ಕೆ ಹಿತ್ತಾಳೆ ತಂತಿಯಾದರೆ 44 ಅಡಿ ಸಾಕು.

ಇನ್ನೊಂದು ವಿಷಯ ಕೇಳಿ. ಈ ವಾದ್ಯದಲ್ಲಿ ಬಿರಡೆ ತಿರುಗಿಸಿ ಏನೂ ಪ್ರಯೋಜನ ಇಲ್ಲ. ಎಷ್ಟು ಬಿಗಿದರೂ ಸ್ವರ ಅಲ್ಲೇ ಇರುತ್ತದೆ. ತಂತಿ ದಪ್ಪವಾದರೂ ಅಷ್ಟೇ, ತೆಳುವಾದರೂ ಅಷ್ಟೇ. ಸ್ವರವನ್ನು ತೀರ್ಮಾನಿಸುವುದು ಎರಡೇ: ಯಾವ ಲೋಹ, ಎಷ್ಟು ಉದ್ದ. ಶ್ರುತಿ ಮಾಡಬೇಕೆಂದರೆ ತಂತಿಗೆ ಒಂದು ಸಣ್ಣ ಕ್ಲಾಂಪ್ ಕಚ್ಚಿಸಿ ಅದನ್ನು ಅಂಗುಲ ಅಂಗುಲ ಸರಿಸಬೇಕು. ಹತ್ತಾರು ತಂತಿಗೆ ಹೀಗೆ ಮಾಡಬೇಕು. ಹೊಸ ಜಾಗಕ್ಕೆ ಹೋದಾಗಲೆಲ್ಲ ವಾದ್ಯ ಕಟ್ಟಿ ಶ್ರುತಿ ಮಾಡಲು ದಿನಗಟ್ಟಲೆ ಹಿಡಿಯುತ್ತದೆ. ಕಛೇರಿಗೆ ಮುಂಚೆ ಹತ್ತು ನಿಮಿಷ ತಂಬೂರಿ ಕೂಡಿಸಲು ನಮಗೆ ಸಹನೆ ಸಾಲುವುದಿಲ್ಲ, ಅಲ್ವಾ?

ತಂಬೂರಿ ಅಂದೆ. ಈ ಎರಡು ವಾದ್ಯಗಳು ಸಂಬಂಧಿಕರು ಅಂತ ನಾನು ನಂಬುತ್ತೇನೆ. ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ, ಅಂದರೆ ‘ಗ’ ಸ್ವರದ ಒಂದು ಬಗೆ, ಕೇಳುತ್ತದೆ. ನಮ್ಮ ಹಿರಿಯರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಷಡ್ಜದ ಆವರ್ತನದ ಐದರಷ್ಟು ಇರುವ ಉಪಸ್ವರ ಅದು, ಮೂಲ ಸ್ವರದ ಜೊತೆಗೇ ಏಳುವ ಮೇಲಿನ ಸ್ವರ. ತಂಬೂರಿಯಲ್ಲಿ ಉಪಸ್ವರಗಳೆಲ್ಲ ಒಟ್ಟೊಟ್ಟಿಗೆ ಮೇಲೇಳುತ್ತವೆ. ತಂತಿಗಳನ್ನು ಹೊರುವ ಪಟ್ಟಿಗೆ ಕುದುರೆ ಎನ್ನುತ್ತೇವೆ, ಅದರ ಮೇಲಿನ ಜೀವಾಳದ ದಾರ ಮಾಡುವ ಕೆಲಸವೇ ಅದು. ಫುಲ್ಮನ್ ವಾದ್ಯದಲ್ಲಿ ಅವು ಒಂದೊಂದಾಗಿ ಬರುತ್ತವೆ, ನಡೆದ ದೂರಕ್ಕೆ ತಕ್ಕಂತೆ. ನಮ್ಮ 63 ಅಡಿಯ ತಂತಿಯನ್ನೇ ತೆಗೆದುಕೊಳ್ಳಿ. ಸರಿ ಅರ್ಧದಲ್ಲಿ ಮೇಲಿನ ಷಡ್ಜ. ತುದಿಯಿಂದ 21 ಅಡಿ ದೂರದಲ್ಲಿ ಪಂಚಮ. ಹನ್ನೆರಡೂವರೆ ಅಡಿಯ ಆಸುಪಾಸಿನಲ್ಲಿ ಅಂತರ ಗಾಂಧಾರ. ತುದಿಗೆ ಹತ್ತಿರವಾದಷ್ಟೂ ಇನ್ನೂ ಮೇಲಿನ ಸ್ವರಗಳು ಒತ್ತೊತ್ತಾಗಿ ಸಿಗುತ್ತವೆ. ನಾವು ಪಾಠದಲ್ಲಿ ಎರಡಕ್ಕೆ ಮೂರು, ನಾಲ್ಕಕ್ಕೆ ಐದು ಎಂದು ಬಾಯಿಪಾಠ ಮಾಡುವ ಅನುಪಾತಗಳ ಮೇಲೆ ಆಕೆ ಕಾಲಿಟ್ಟು ನಡೆಯುತ್ತಾರೆ. ಅವರ ಶ್ರುತಿಯೂ ಪಿಯಾನೋದಂತೆ ಸ್ವರಗಳ ನಡುವಿನ ಅಂತರವನ್ನು ಸಮವಾಗಿ ಹಂಚಿದ್ದಲ್ಲ, ಇಂಥ ಶುದ್ಧ ಅನುಪಾತಗಳದ್ದೇ.

ದೊಡ್ಡ ವಾದ್ಯ ಎಂದರೆ ಜನಕ್ಕೆ ಥಟ್ಟನೆ ನೆನಪಾಗುವುದು ದಾಖಲೆ. ಜಗತ್ತಿನ ಅತಿ ದೊಡ್ಡ ಅದು, ಅತಿ ಉದ್ದದ ಇದು. ಸುಮ್ನೆ ಫೋಟೋಗೆ ಅಂತ ಹಿಗ್ಗಿಸಿದ ವಾದ್ಯಗಳ ಬಗ್ಗೆ ನನಗೆ ಆಸಕ್ತಿ ಇಲ್ಲ. ಈ ಸ್ವರ ಬರಬೇಕಾದರೆ ಇಷ್ಟು ದೊಡ್ಡದಾಗಲೇಬೇಕು, ಬೇರೆ ದಾರಿಯೇ ಇಲ್ಲ ಎನ್ನುವ ಕಾರಣಕ್ಕೆ ದೊಡ್ಡದಾದವು ಬೇರೆ. ಇವತ್ತು ನಾನು ಹೇಳಬೇಕು ಎಂದುಕೊಂಡು ಬಂದಿರುವುದು ಇದನ್ನೇ. 1850ರಲ್ಲಿ ಪ್ಯಾರಿಸ್‌ನ ವಿಯೋಮ್ ಎನ್ನುವ ಪಿಟೀಲು ತಯಾರಕರು ಆಕ್ಟೋಬಾಸ್ ಎನ್ನುವ, ಪಿಟೀಲಿನ ಜಾತಿಯ ದೈತ್ಯ ವಾದ್ಯ ಮಾಡಿದರು. ಮೂರೂವರೆ ಮೀಟರ್ ಎತ್ತರ, ಮೂರು ತಂತಿ. ಕೈ ಎಟುಕದ ಕಾರಣ ತಂತಿ ಒತ್ತಲು ಸನ್ನೆಕೋಲು, ಪೆಡಲ್. ಹ್ಯಾರಿ ಪಾರ್ಚ್ ಎಂಬ ಅಮೆರಿಕದ ಸಂಗೀತಗಾರರು ‘ಸ’ದಿಂದ ಮೇಲಿನ ‘ಸ’ವರೆಗಿನ ಒಂದು ಸ್ಥಾಯಿಯನ್ನು 43 ಸ್ವರಗಳಾಗಿ ಒಡೆದು, ಅವನ್ನು ನುಡಿಸುವ ವಾದ್ಯಗಳು ಎಲ್ಲೂ ಇಲ್ಲದ್ದರಿಂದ ತಾವೇ ಒಂದೊಂದಾಗಿ ಕಟ್ಟಿದರು. ಅದರಲ್ಲೊಂದು ಮರಿಂಬಾ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ. ಅದರ ಅತಿ ಕೆಳಗಿನ ಪಟ್ಟಿ ಸುಮಾರು 22 ಹರ್ಟ್ಸ್. ನಮ್ಮ ಕಿವಿಯ ಮಿತಿಯೇ ಸುಮಾರು 20. ಅದು ಕಿವಿಗಿಂತ ಹೊಟ್ಟೆಗೆ ಜಾಸ್ತಿ ಕೇಳುತ್ತದೆ. ನಮ್ಮ ದೇವಸ್ಥಾನದ ನಗಾರಿ ಪಕ್ಕ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೂ ಕೆಲವರು ಜಾಗವನ್ನೇ ವಾದ್ಯ ಮಾಡಿದ್ದಾರೆ. ಅಮೆರಿಕದ ವರ್ಜೀನಿಯಾದಲ್ಲಿ ಲುರೇ ಗುಹೆಗಳಿವೆ. ಸುಣ್ಣದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಚಾವಣಿಯಿಂದ ಇಳಿಬಿದ್ದ ಕಲ್ಲುಗಳು ಅಲ್ಲಿ ತುಂಬಾ. ಲೀಲಂಡ್ ಸ್ಪ್ರಿಂಕಲ್ ಎನ್ನುವವರು ಅಂಥ ಕಲ್ಲುಗಳನ್ನು ತಟ್ಟಿ ತಟ್ಟಿ ನೋಡಿ, ಸ್ವರಕ್ಕೆ ಹೊಂದುವ 37ನ್ನು ಆರಿಸಿ, 1956ರ ಹೊತ್ತಿಗೆ ಒಂದು ಆರ್ಗನ್ ಮಾಡಿ ಮುಗಿಸಿದರು. ಕೀಲಿಮಣೆ ಒತ್ತಿದರೆ ಎಲ್ಲೋ ದೂರದ ಕಲ್ಲಿಗೆ ರಬ್ಬರ್ ಸುತ್ತಿಗೆಯ ಪೆಟ್ಟು ಬೀಳುತ್ತದೆ. ವಾದ್ಯ ಹರಡಿರುವುದು ಮೂರೂವರೆ ಎಕರೆಯಲ್ಲಿ. ಹಾಗೇ ಶ್ರುತಿಗೆ ಸಿಕ್ಕಿದ ಕಲ್ಲು ಎರಡೇ. ಉಳಿದವನ್ನು ಉಜ್ಜಿ ಸರಿಮಾಡಿದರು. ಇಲ್ಲಿ ನನಗೆ ಒಂದು ತಕರಾರಿದೆ. ಸಾವಿರಾರು ವರ್ಷ ಬೆಳೆದ ಕಲ್ಲನ್ನು ಒಂದು ಸ್ವರಕ್ಕಾಗಿ ಉಜ್ಜುವುದು ನನಗೆ ಒಪ್ಪಿಗೆಯಾಗುವುದಿಲ್ಲ. ವಾದ್ಯ ಕೇಳಿದರೆ ಮನಸ್ಸು ತುಂಬುತ್ತದೆ, ಆದರೂ ಒಪ್ಪಿಗೆಯಾಗುವುದಿಲ್ಲ.

ಅದಕ್ಕಿಂತ ನನಗೆ ಹಿಡಿಸಿದ್ದು ಕ್ರೊಯೇಷಿಯಾದ ಜಡಾರ್ ಪಟ್ಟಣದ ಸಮುದ್ರ ವಾದ್ಯ. ಎರಡನೇ ಮಹಾಯುದ್ಧದಲ್ಲಿ ಊರು ನೆಲಸಮವಾಗಿತ್ತು. ಆಮೇಲೆ ದಡಕ್ಕೆ ಬರೀ ಕಾಂಕ್ರೀಟ್ ಗೋಡೆ ಕಟ್ಟಿದ್ದರು. 2005ರಲ್ಲಿ ವಾಸ್ತುಶಿಲ್ಪಿ ನಿಕೊಲಾ ಬಾಶಿಚ್ ಅಲ್ಲಿ 70 ಮೀಟರ್ ಉದ್ದಕ್ಕೆ ಕಲ್ಲಿನ ಮೆಟ್ಟಿಲು ಮಾಡಿದರು. ಮೆಟ್ಟಿಲ ಕೆಳಗೆ 35 ಕೊಳವೆ. ಅಲೆ ಬಂದಾಗ ನೀರು ಕೊಳವೆಯ ಗಾಳಿಯನ್ನು ತಳ್ಳುತ್ತದೆ, ಮೇಲಿನ ಸೀಳಿನಿಂದ ಸ್ವರ ಬರುತ್ತದೆ. ನುಡಿಸುವವರು ಯಾರೂ ಇಲ್ಲ. ಜನ ಸಂಜೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ, ಹರಟೆ ಹೊಡೆಯುತ್ತಾರೆ, ಮಕ್ಕಳು ಓಡಾಡುತ್ತಾರೆ. ಟಿಕೆಟ್ ಇಲ್ಲ, ಸುಮ್ಮನಿರಿ ಎನ್ನುವವರಿಲ್ಲ.

ಇದನ್ನು ಗೊರೂರು ಹಿನ್ನೀರಿನಲ್ಲಿ ಮಾಡಬಹುದಾ ಎಂದು ಗೆಳೆಯರೊಬ್ಬರು ಕೇಳಿದ್ದರು. ಕಷ್ಟ. ಜಡಾರ್ ಕಡಲಲ್ಲಿ ಉಬ್ಬರ ಇಳಿತ ಕಡಿಮೆ, ಹಾಗಾಗಿ ಕೊಳವೆಯ ಬಾಯಿ ಯಾವಾಗಲೂ ನೀರಿನ ಮಟ್ಟದಲ್ಲೇ ಇರುತ್ತದೆ. ನಮ್ಮ ಹೇಮಾವತಿ ಹಿನ್ನೀರು ಹಾಗಲ್ಲ. ಶೆಟ್ಟಿಹಳ್ಳಿ ಚರ್ಚ್ ನೋಡಿದ್ದೀರಿ. ಮಳೆಗಾಲದಲ್ಲಿ ಗೋಡೆ ಮುಳುಗುತ್ತದೆ, ಬೇಸಿಗೆಯಲ್ಲಿ ಸುತ್ತಲೂ ಒಣ ನೆಲ. ಅಷ್ಟು ಏರಿಳಿಯುವ ನೀರಿಗೆ ಕೊಳವೆ ಎಲ್ಲಿ ಹೂಳುತ್ತೀರಿ?

ಮುಳ್ಳಯ್ಯನಗಿರಿಯ ಗಾಳಿಗೆ ಏನಾದರೂ ಮಾಡೋಣ ಎನ್ನುವವರೂ ಇದ್ದಾರೆ. ಇಂಗ್ಲೆಂಡಿನ ಬರ್ನ್‌ಲಿ ಊರಿನ ಬೆಟ್ಟದ ಮೇಲೆ 2006ರಲ್ಲಿ ಉಕ್ಕಿನ ಕೊಳವೆಗಳನ್ನು ಜೋಡಿಸಿ ಮೂರು ಮೀಟರ್ ಎತ್ತರದ ಹಾಡುವ ಮರ ನಿಲ್ಲಿಸಿದ್ದಾರೆ, ಚೆನ್ನಾಗಿದೆ. ಆದರೆ ನಮ್ಮ ಗಿರಿಯ ಮೇಲೆ ಬೇಡ. 1,930 ಮೀಟರ್ ಎತ್ತರದ ಆ ಹುಲ್ಲುಗಾವಲು, ಶೋಲಾ ಕಾಡು ಈಗಾಗಲೇ ನಮ್ಮ ವಾಹನಗಳ ಗದ್ದಲ ಸಹಿಸುತ್ತಿದೆ. ಅಲ್ಲಿ ಗಾಳಿಗೆ ಅದರದ್ದೇ ಸದ್ದು ಇದೆ, ಅದು ಸಾಕು.

ನಮ್ಮ ನಾಡಿಗೆ ಇದೆಲ್ಲ ಹೊಸದೇನಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪಗಲ್ ಬೆಟ್ಟದಲ್ಲಿ ನವಶಿಲಾಯುಗದ ಜನ ಕಪ್ಪು ಬಂಡೆಗಳ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ. ಅದೇ ಜಾಗದಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯ ನಾದ ಕೊಡುವ ಬಂಡೆಗಳಿವೆ. ಬಡಿದ ಕಡೆ ಗುಳಿ ಬಿದ್ದಿದೆ. ಅಲ್ಲಿ ವಾದ್ಯ ಬೇರೆ, ಬೆಟ್ಟ ಬೇರೆ ಅಲ್ಲ. ಕಲ್ಲು ಗಣಿಗಾರಿಕೆ ಆ ಬೆಟ್ಟವನ್ನು ಒಂದಿಷ್ಟು ತಿಂದಿದೆ. ಉಳಿದದ್ದನ್ನು ಉಳಿಸಿಕೊಳ್ಳಬೇಕು. ಹಂಪಿಯ ವಿಠ್ಠಲ ದೇವಸ್ಥಾನದ ಸರಿಗಮ ಕಂಬಗಳನ್ನು ಈಗ ತಟ್ಟುವಂತಿಲ್ಲ. ಸರಿಯಾದ ತೀರ್ಮಾನ.

ನಮ್ಮ ಜಿಲ್ಲೆಗೇ ಬರುತ್ತೇನೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕಾವೇರಿ ದಡದ ಪುಟ್ಟ ಊರು. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ರುದ್ರಪಟ್ಟಣಂ ಸಹೋದರರ ಊರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಅಲ್ಲಿ ಸಪ್ತಸ್ವರ ದೇವತಾ ಧ್ಯಾನಮಂದಿರ ಕಟ್ಟಿಸಿದ್ದಾರೆ. ಹೊರಗಿನಿಂದ ನೋಡಿದರೆ ಇಡೀ ಕಟ್ಟಡ ಒಂದು ತಂಬೂರಿ. ಸಂಗೀತಕ್ಕೆ ಒಂದು ಊರು ತೋರಿಸಿದ ಗೌರವ ಅದು. ಅಲ್ಲಿಗೆ ಹೋದಾಗಲೆಲ್ಲ ನನಗೆ ಒಂದು ಆಸೆ ಹುಟ್ಟುತ್ತದೆ. ಕಟ್ಟಡದಷ್ಟು ದೊಡ್ಡ ತಂಬೂರಿ, ಅದು ಶ್ರುತಿಯನ್ನೂ ಹಿಡಿದರೆ? ನಾವು ಅದರ ಮುಂದೆ ಕೂರುವ ಬದಲು ಒಳಗೆ ಕೂತು ಹಾಡಿದರೆ?

ಸಂಗೀತ ಇರುವ ಜಿಲ್ಲೆಯಲ್ಲಿ ಜಾಗವೂ ಇದೆ. ಫುಲ್ಮನ್ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಇದ್ದಾಗ ಕೆಲಸ ಮಾಡಿದ್ದು ಒಂದು ಹಳೆಯ ಕ್ಯಾಂಡಿ ಫ್ಯಾಕ್ಟರಿಯಲ್ಲಿ. ನಮ್ಮಲ್ಲಿ ಕಾಫಿ ಗೋಡೌನ್‌ಗಳಿವೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಹಾಸನ, ಎಲ್ಲ ಕಡೆ. ಉದ್ದ ಕಟ್ಟಡ, ನಡುವೆ ಕಂಬ ಕಡಿಮೆ, ಗಟ್ಟಿ ಗೋಡೆ, ಸಿಮೆಂಟ್ ನೆಲ. ಕುಯ್ಲಿನ ಕಾಫಿ ಸಾಗಿದ ಮೇಲೆ ಎಷ್ಟೋ ಗೋಡೌನ್‌ಗಳು ತಿಂಗಳುಗಟ್ಟಲೆ ಖಾಲಿ. 63 ಅಡಿ ಅಲ್ಲಿ ದೊಡ್ಡ ಮಾತೇ ಅಲ್ಲ. ಮಳೆ ಜೋರಿದ್ದರೆ ಶೀಟಿನ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಹಾಗಾಗಿ ಸೆಪ್ಟೆಂಬರ್ ಕಳೆದು ಹೊಸ ಕುಯ್ಲು ಶುರುವಾಗುವ ಮೊದಲಿನ ದಿನಗಳು ಒಳ್ಳೆಯವು.

ನಮ್ಮ ಕಾಲೇಜಿನ ಕಾರಿಡಾರ್‌ನಲ್ಲಿ ವಿದ್ಯಾರ್ಥಿಗಳ ಜೊತೆ ಒಂದು ತಂತಿ ಕಟ್ಟಿ ನೋಡಿದ್ದೇವೆ. ಬರೀ ತಂತಿ ಉಜ್ಜಿದರೆ ಸಣ್ಣ ಸದ್ದು ಅಷ್ಟೇ. ತಂತಿಯ ತುದಿಯನ್ನು ಸಿಲ್ವರ್ ಓಕ್ ಹಲಗೆಯ ಪೆಟ್ಟಿಗೆಗೆ ಕೂಡಿಸಿದ ಕೂಡಲೇ ಕಾರಿಡಾರ್ ಪೂರ್ತಿ ತುಂಬಿತು. ಪಕ್ಕದ ತರಗತಿಯಿಂದ ಮೇಷ್ಟ್ರು ಹೊರಗೆ ಬಂದರು. ಯಾವ ಕಡೆಯಿಂದ ಸದ್ದು ಬರುತ್ತಿದೆ ಎಂದು ಅವರಿಗೆ ಗೊತ್ತಾಗಲಿಲ್ಲ, ಅಲ್ಲೇ ನಿಂತು ಕೇಳಿದರು. ಪೆಟ್ಟಿಗೆಗೆ ಹಲಸಿನ ಮರ ಆದರೆ ಇನ್ನೂ ಚೆನ್ನ, ವೀಣೆ ಮಾಡುವವರು ಅದನ್ನು ಬಳಸುವುದು ಸುಮ್ನೆ ಅಲ್ಲ. ಆದರೆ ನಮ್ಮ ಕಡೆ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ, ಪ್ರಯೋಗಕ್ಕೆ ಸಾಕು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಹಿರಿಯರೊಬ್ಬರು ಕೇಳಿದರು: “ರಾಗ ಇಲ್ಲ, ತಾಳ ಇಲ್ಲ. ಇದನ್ನು ಸಂಗೀತ ಅನ್ನಬೇಕಾ ಸಾರ್?”

ಒಳ್ಳೆಯ ಪ್ರಶ್ನೆ, ಸಾರ್. ನನ್ನ ಉತ್ತರ ಇಷ್ಟು. ಬರೀ ತಂಬೂರಿಯನ್ನು ಅರ್ಧ ಗಂಟೆ ಕಣ್ಣು ಮುಚ್ಚಿ ಕೇಳಿದ್ದೀರಾ? ಹಾಡು ಶುರುವಾಗುವ ಮೊದಲಿನ ಆ ನಾದ ನಿಮಗೆ ಸಂಗೀತ ಎನಿಸಿದ್ದರೆ ಇದೂ ಸಂಗೀತವೇ. ಎನಿಸದಿದ್ದರೆ ಇದನ್ನು ಶ್ರುತಿ ಎಂದುಕೊಳ್ಳಿ, ಅದರ ಮೇಲೆ ನೀವು ಕಲ್ಯಾಣಿ ಹಾಡಿ. ಅಂತರ ಗಾಂಧಾರ ತಾನಾಗಿ ಮೇಲೇಳುವ ಶ್ರುತಿಗೆ ಕಲ್ಯಾಣಿಗಿಂತ ಬೇರೆ ರಾಗ ಬೇಕಾ? ಫುಲ್ಮನ್ ಕೂಡ ಬೇರೆಯವರ ಜೊತೆ ನುಡಿಸುತ್ತಾರೆ, ಚೆಲ್ಲೋ ನುಡಿಸುವ ತೆರೇಸಾ ವಾಂಗ್ ಜೊತೆ ಧ್ವನಿಮುದ್ರಿಕೆಯನ್ನೂ ತಂದಿದ್ದಾರೆ. ನಮ್ಮ ಗೋಡೌನ್‌ನಲ್ಲಿ ಪಿಟೀಲೂ ಇರಬಹುದು, ಹಳ್ಳಿಯ ಚಿಟ್ಟಿಮೇಳದ ವಾದ್ಯದವರೂ ಬರಬಹುದು.

ಇನ್ನೊಬ್ಬರು, ಪ್ರೌಢಶಾಲೆಯ ಮೇಡಂ, ಮಕ್ಕಳ ಕೈಲಿ ಇದನ್ನು ಮಾಡಿಸಬಹುದಾ ಎಂದು ಕೇಳಿದರು.

ಖಂಡಿತ ಮಾಡಿಸಿ ಮೇಡಂ. ಒಂದೇ ತಂತಿಯಿಂದ ಶುರು ಮಾಡಿ. ಹಿತ್ತಾಳೆಯದಾದರೆ ಉದ್ದ ಕಡಿಮೆ ಸಾಕು. ನಿಮ್ಮ ಜಗುಲಿ 30 ಅಡಿ ಇದ್ದರೂ ನಡೆಯುತ್ತದೆ, ಸ್ವರ ಸ್ವಲ್ಪ ಮೇಲಿರುತ್ತದೆ ಅಷ್ಟೇ. ತಂತಿ ಜೋಲು ಬೀಳದಷ್ಟು ಬಿಗಿದರೆ ಸಾಕು, ಜಾಸ್ತಿ ಬಿಗಿಯಬೇಡಿ. ಹೇಗೂ ಬಿಗಿಯಿಂದ ಸ್ವರ ಬದಲಾಗಲ್ಲ. ತಂತಿ ಹರಿದು ಚಿಮ್ಮಿದರೆ ಮಾತ್ರ ಅಪಾಯ, ಬಿಗಿಯುವಾಗ ಮಕ್ಕಳು ದೂರ ಇರಲಿ. ತುದಿಯನ್ನು ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸಿದ ಕೊಕ್ಕೆಗೆ ಹಾಕಿ, ಕಿಟಕಿ ಸರಳಿಗೆ ಕಟ್ಟಬೇಡಿ. ಪೆಟ್ಟಿಗೆಯನ್ನು ಊರಿನ ಬಡಗಿಯವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ರಾಳ ಸಂಗೀತದ ಅಂಗಡಿಯಲ್ಲಿ ಸಿಗುತ್ತದೆ. ಕೈ ಒದ್ದೆ ಇದ್ದರೆ ರಾಳ ಹಿಡಿಯಲ್ಲ, ಒರೆಸಿಕೊಂಡು ಹಚ್ಚಲು ಹೇಳಿ. ಮಕ್ಕಳು ಮೊದಲು ಗಟ್ಟಿಯಾಗಿ ಹಿಡಿದು ಓಡುತ್ತಾರೆ, ಆಗ ಕಿರ್ರೆನ್ನುತ್ತದೆ. ಮೆಲ್ಲಗೆ ಹಿಡಿದು ನಿಧಾನವಾಗಿ ನಡೆಯಲು ಹೇಳಿ. ಅರ್ಧಕ್ಕೆ ಬಂದಾಗ, ಮೂರನೇ ಒಂದು ಭಾಗಕ್ಕೆ ಬಂದಾಗ, ಐದನೇ ಒಂದು ಭಾಗಕ್ಕೆ ಬಂದಾಗ ಏನು ಕೇಳಿತು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಗಣಿತದ ಮೇಷ್ಟ್ರನ್ನೂ ಸಂಗೀತದ ಮೇಷ್ಟ್ರನ್ನೂ ಒಟ್ಟಿಗೆ ಕರೆಯಿರಿ.